ಕಸದ ಡಬ್ಬಿಯ ಪಕ್ಕದ ಕೊಂಬಿನ ಕಾಯಿ

ಅಮೆರಿಕದ ಆನ್ ಆರ್ಬರಿನಲ್ಲಿ ಅದು ನನ್ನ ಎರಡನೆಯ ಬೇಸಿಗೆ, ಎಪ್ಪತ್ತರ ದಶಕದ ಆರಂಭ. ನನ್ನವರು ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದರು. ನಾನು ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕೆಲಸಕ್ಕೆ ಸೇರಲು ಬಿಡದ ವೀಸಾದ ಮೇಲೆ ಹೋಗಿ ಅಲ್ಲಿ ಸಾರು ಕುದಿಸುತ್ತಿದ್ದೆ. ಕನ್ನಡದವರು ಎಲ್ಲಿ ಊಟಕ್ಕೆ ಸೇರಿದರೂ ಗಂಡಸರಿಗೆ ರಿಸರ್ಚಿನ ಪ್ರಶ್ನೆ, ನನಗೆ ಹುಳಿಪುಡಿಯ ಪ್ರಶ್ನೆ. ಮೈಯೆಲ್ಲ ಉರಿಯುತ್ತಿತ್ತು.

ಆ ಜುಲೈನಲ್ಲಿ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಕಸದ ಡಬ್ಬಿಯ ಪಕ್ಕ, ಯಾರೂ ಬಿತ್ತದ ಗಿಡವೊಂದು ಎದ್ದಿತು. ವೀಳ್ಯದೆಲೆಯ ಆಕಾರದ ಎಲೆ, ಮುಟ್ಟಿದರೆ ಮಖಮಲ್ಲು, ಹಳದಿ ಹೂ. 'ಇದು ನಮ್ಮ ಶ್ರೀಮುದ್ರೆ ಗಿಡ!' ಎಂದು ಕೂಗಿಬಿಟ್ಟೆ. ಚಿಕ್ಕವಳಿದ್ದಾಗ ಅದರ ಚಕ್ರದಂಥ ಕಾಯನ್ನು ಸುಣ್ಣದ ನೀರಿನಲ್ಲಿ ಅದ್ದಿ ಗೋಡೆಗೆಲ್ಲ ಮುದ್ರೆ ಒತ್ತಿ ಬೈಸಿಕೊಂಡವಳು ನಾನು. ಮುಂದಿನ ಊಟದಲ್ಲಿ ಎಲ್ಲರಿಗೂ ಸಾರಿದೆ. ಕೆಲವರು ಬಂದು ಎಲೆ ಸವರಿ ಊರು ನೆನೆದರು. ಒಬ್ಬರಂತೂ ಮೂಲವ್ಯಾಧಿಗೆ ಒಳ್ಳೆಯದೆಂದು ಎಲೆ ಕಿತ್ತುಕೊಂಡು ಹೋದರು.

ಆಗಸ್ಟಿನಲ್ಲಿ ಕಾಯಿ ಬಂತು, ನನ್ನ ಮುಖ ಚಿಕ್ಕದಾಯಿತು. ಚಕ್ರವೇನೋ ಹೌದು, ಆದರೆ ಪ್ರತಿ ಹಲ್ಲಿಗೂ ಹೊರಕ್ಕೆ ಚಾಚಿದ ಎರಡೆರಡು ಕೊಂಬು. ನಮ್ಮೂರಿನ ಕಾಯಿಗೆ ಅಷ್ಟುದ್ದ ಕೊಂಬಿಲ್ಲ, ಹಲ್ಲುಗಳೂ ಹೆಚ್ಚು.

'ಅಷ್ಟೊಂದು ಹಾರಾಡಿದ್ಯಲ್ಲೇ! ಊರಿಗೆಲ್ಲ ಅನೌನ್ಸ್ ಮಾಡಿದ್ದೇ ಮಾಡಿದ್ದು,' ಎಂದು ನನ್ನವರು ನಕ್ಕರು.

ಪಕ್ಕದ ಮನೆಯಲ್ಲೇ ಇದ್ದ ನಮ್ಮ ಓನರ್ ಮುದುಕ ಅದೇ ವಾರ ಬೇಲಿಯ ಆಚೆಯಿಂದ, ಅದು ಬರೀ ಕಳೆ, ಶನಿವಾರ ಹುಲ್ಲು ಕತ್ತರಿಸುವಾಗ ತೆಗೆದುಬಿಡುತ್ತೇನೆ ಎಂದ. ಕಾಯಿ ಬಲಿಯುವವರೆಗೆ ಮುಟ್ಟಕೂಡದು ಎಂದೆ. ಅವನು ನನ್ನನ್ನು ಬಿಟ್ಟು, ಪಕ್ಕದಲ್ಲಿ ನಿಂತಿದ್ದ ನನ್ನವರ ಉತ್ತರಕ್ಕೆ ಕಾದ.

ಒಳಗೆ ಬಂದ ಮೇಲೆ ಇವರು ಶುರುಮಾಡಿದರು. 'ಹೋಗ್ಲಿ ಬಿಡೇ. ಒಂದು ಕಳೆಗೋಸ್ಕರ ಓನರ್ ಹತ್ರ ಜಗಳ ಯಾಕೆ?'

'ಕಳೆ ಆದ್ರೆ ಆಗ್ಲಿ ರೀ. ಯಾವ್ದು ಅಂತ ಗೊತ್ತಾಗೋವರೆಗೂ ನಾನು ಬಿಡಲ್ಲ. ನಿಮ್ಮ ಎಕ್ಸ್‌ಪೆರಿಮೆಂಟ್ ಅರ್ಧಕ್ಕೆ ನಿಲ್ಸಿ ಅಂದ್ರೆ ನಿಲ್ಲಿಸ್ತೀರಾ?'

ಅವರು ಪೇಪರ್ ಬಿಡಿಸಿಕೊಂಡರು.

ಶನಿವಾರ ಮೆಷೀನು ಗುರುಗುಟ್ಟುತ್ತ ಬಂತು. ನಾನು ಗಿಡದ ಮುಂದೆ ಕುರ್ಚಿ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುರುಳಿಕಾಯಿಯ ನಾರು ತೆಗೆಯುತ್ತ ಕೂತೆ. ಒಳಗೊಳಗೇ ಭಯವಿತ್ತು, ಸುಳ್ಳೇಕೆ ಹೇಳಲಿ? ಆದರೆ ಏಳಲಿಲ್ಲ. ಓನರ್ ಗೊಣಗುತ್ತ ನನ್ನ ಕುರ್ಚಿಯನ್ನು ಸುತ್ತುಹಾಕಿಕೊಂಡು ಮುಂದೆ ಹೋದ.

ಕಾಯಿ ಕಪ್ಪಾಗಿ ಒಣಗಲು ಶುರುವಾದಾಗ ಒಂದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಯೂನಿವರ್ಸಿಟಿಯಲ್ಲಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ವಿಭಾಗಕ್ಕೆ ಹೋದೆ. ನಿಮ್ಮ ಗಂಡ ಯಾವ ಡಿಪಾರ್ಟ್‌ಮೆಂಟ್ ಎಂದು ಬಾಗಿಲಲ್ಲಿದ್ದವಳು ಕೇಳಿದಳು. ಗಂಡನದು ಕೆಮಿಸ್ಟ್ರಿ, ಅವರಿಗೂ ಇದಕ್ಕೂ ಸಂಬಂಧವಿಲ್ಲ, ನಾನು ಬಾಟನಿಸ್ಟ್ ಎಂದೆ. ಆ ದೇಶಕ್ಕೆ ಹೋದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಎಷ್ಟು ಹಿತವಾಗಿತ್ತು!

ಒಳಗೆ ಬಿಟ್ಟರು. ಹಾಳೆಗಳನ್ನು ಹರಡಿಕೊಂಡು ಕೊಂಬಿಗೆ ಕೊಂಬು, ಹಲ್ಲಿಗೆ ಹಲ್ಲು ಹೊಂದಿಸಿದೆ. ಯಾರನ್ನೂ ಕೇಳಲಿಲ್ಲ. ಕೊನೆಗೆ ಗಿಡದ ಶಾಸ್ತ್ರೀಯ ಹೆಸರು ಸಿಕ್ಕಿತು: ಅಬುಟಿಲಾನ್ ಥಿಯೋಫ್ರಾಸ್ಟಿ. ನಮ್ಮ ಶ್ರೀಮುದ್ರೆಯ ದಾಯಾದಿ, ಮುಸುಕಿನ ಜೋಳದ ಹೊಲಕ್ಕೆ ನುಗ್ಗಿ ಹಾಳುಮಾಡುವ ಪಕ್ಕಾ ಕಳೆ.

ಮನೆಗೆ ಬಂದವಳೇ ಗಿಡದ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ, ಬೀಜ ಉದುರದ ಹಾಗೆ, ಬೇರುಸಹಿತ ಕಿತ್ತೆ. ಓನರ್ ನೋಡುತ್ತ ನಿಂತಿದ್ದ. ಗೆದ್ದವನ ಹಾಗೆ ನಕ್ಕು, 'ಕಳೆ ಅಂತ ನಾನು ಮೊದಲೇ ಹೇಳಿರಲಿಲ್ಲವೆ?' ಎಂದ.

'ಕಳೆ ಅಂದದ್ದು ನೀವು. ಯಾವ ಕಳೆ ಅಂತ ಕಂಡುಹಿಡಿದದ್ದು ನಾನು,' ಎಂದೆ. 'ಇನ್ನು ಈ ಹಿತ್ತಲಲ್ಲಿ ಏನೇ ಎದ್ದರೂ, ಕೀಳುವ ಮೊದಲು ನನ್ನನ್ನು ಕೇಳಿ.'