ಏಳು ಕಲ್ಲಿನ ಚೀಟಿ

ನಾಲಿಗೆಗೆ ಅಕ್ಷರ ಕೊಟ್ಟ ತಾಯಿಗೂ, ಅದನ್ನು ತಿದ್ದಿದ ಗುರುಗಳ ಪಾದಗಳಿಗೂ, ನನ್ನ ತಪ್ಪನ್ನು ತನ್ನ ಮೈಮೇಲೆ ಸಹಿಸಿಯೂ ನನಗೆ ಅನ್ನವಿಕ್ಕಿದ ವೈನಿಗೂ ಮೊದಲು ಕೃತಜ್ಞತೆಯ ನಮಸ್ಕಾರ. ಇನ್ನು ಬರೆಯಲಿರುವುದನ್ನು ನೆನೆದರೆ ಇಂದಿಗೂ ನನಗೆ ಹೇಸಿಗೆಯಾಗುತ್ತದೆ. ಆ ಹೇಸಿಗೆಯ ದೊಡ್ಡ ಪಾಲು ನನ್ನ ಮೇಲಿನದೇ.

ಐವತ್ತರ ದಶಕದ ಮಾತು. ರೋಣದ ಮನೆಯಲ್ಲಿ ಅಣ್ಣ, ಅಣ್ಣನ ಹೆಂಡತಿ, ಅಂದರೆ ವೈನಿ, ಮತ್ತು ನಾನು, ಇಷ್ಟೇ ಜನ. ನಾನು ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನು. ಕಲ್ಲಿಗೆ ಅಶ್ಮ, ಶಿಲೆ, ಉಪಲ, ಪಾಷಾಣ ಎಂದು ಒಂದೇ ಉಸಿರಿಗೆ ಹೇಳಬಲ್ಲೆನೆಂಬ ಗರ್ವ ನನಗಿತ್ತು. ಸಾಲದ್ದಕ್ಕೆ ಹಳೆಯದೊಂದು ಇಂಗ್ಲಿಷ್ ಕೋಶವನ್ನು ಇಟ್ಟುಕೊಂಡು ಆ ಭಾಷೆಯೂ ಕೈವಶವಾಯಿತೆಂದು ತಿಳಿದಿದ್ದೆ.

ವೈನಿಗೆ ಹೊಟ್ಟೆನೋವು ಹಿಡಿಯಿತು. ಉಂಡರೆ ಭಾರ, ಬಿಟ್ಟರೆ ಉರಿ. ಅಣ್ಣ ಅವರನ್ನು ನರಗುಂದಕ್ಕೆ, ವಿಲಾಯತಿಯಲ್ಲಿ ಓದಿಬಂದ ಡಾಕ್ಟರರ ಬಳಿಗೆ ಕರೆದೊಯ್ದ. ಬರುವಾಗ ಒಂದು ಔಷಧದ ಬಾಟಲಿ ಮತ್ತು ಒಂದು ಚೀಟಿ ತಂದ.

“ತಾಸಿಗೊಮ್ಮೆ ಹಾಲು-ಅನ್ನ ಕೊಡ್ರಿ, ಹೊಟ್ಟಿ ಖಾಲಿ ಬಿಡಬ್ಯಾಡ್ರಿ ಅಂದಾರ. ಒಳಗ ಕರಕೊಂಡು ಹೋಗಿ ಯಾವದೋ ಯಂತ್ರದ ಮ್ಯಾಲೆ ನಿಲ್ಲಿಸಿದ್ರಂತ. ಏನು ಬರದಾರ ನೋಡು,” ಎಂದ.

ಚೀಟಿಯಲ್ಲಿ ‘ವೇಟ್’ ಎಂದಿತ್ತು. ಅದರ ಮುಂದೆ ‘ಸೆವೆನ್ ಸ್ಟೋನ್’. ಕೋಶ ತೆರೆದೆ. ವೇಟ್ ಎಂದರೆ ಭಾರ, ಸ್ಟೋನ್ ಎಂದರೆ ಕಲ್ಲು. ವೈನಿ ಹೊಟ್ಟೆ ಭಾರವೆಂದು ಹೇಳುತ್ತಲೇ ಇದ್ದರು. ನನಗೆ ಇನ್ನೇನು ಬೇಕಾಗಿತ್ತು?

“ಅಣ್ಣಾ, ಹೊಟ್ಟ್ಯಾಗ ಏಳು ಕಲ್ಲು ಅವ. ಒಳಗಿಂದು ಕಾಣೋ ಯಂತ್ರ ಬಂದಾವ ಈಗ.”

ಅಣ್ಣ ಬೆಚ್ಚಿದ. “ಮತ್ತ ಹಾಲು-ಅನ್ನ ಯಾಕಂದ್ರು?”

“ಅವರು ವಿಲಾಯತಿಯವರು. ಅಶ್ಮರಿಗೆ, ಅಂದ್ರ ಕಲ್ಲಿನ ಬ್ಯಾನಿಗೆ, ಪಥ್ಯ ಅವರಿಗೇನು ಗೊತ್ತು!”

ಗಜೇಂದ್ರಗಡದಲ್ಲಿ ಕಲ್ಲು ಹೀರಿ ತೆಗೆಯುವವನೊಬ್ಬನಿದ್ದ. ನಾನೇ ಹೋಗಿ ಕರೆತಂದೆ. ಅವನ ತುಟಿಗಳಲ್ಲಿ ತಂಬಾಕಿನ ಕರಿ ಒಣಗಿ ಬಿರುಕು ಬಿಟ್ಟಿತ್ತು. ಗಡ್ಡದಲ್ಲಿ ಎಲೆಯಡಿಕೆಯ ರಸ ಇಳಿದಿತ್ತು. ಮಡಿಯಲ್ಲೇ ಬಾಳಿದ ವೈನಿಯ ಹೊಟ್ಟೆಗೆ ಎತ್ತಿನ ಕೋಡನ್ನು ಒತ್ತಿ, ಅದರ ತುದಿಗೆ ಬಾಯಿಟ್ಟು ಹೀರಿದ. ವೈನಿ ಗೋಡೆಯ ಕಡೆಗೆ ಮುಖ ತಿರುಗಿಸಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ಅವನು ಖ್ಯಾಕರಿಸಿ ತಾಟಿನೊಳಗೆ ಉಗುಳಿದ. ಕೆಂಪು ಎಂಜಲಿನ ನಡುವೆ ಏನೋ ಟಣ್ಣೆಂದಿತು. ಅದರ ವಾಸನೆಗೆ ವೈನಿ ಅಲ್ಲಿಯೇ ವಾಂತಿ ಮಾಡಿಕೊಂಡರು.

ಅಣ್ಣ ಬಾಗಿ ನೋಡಿದ. “ಏ, ಇದು ಬಾರಿಹಣ್ಣಿನ ಬೀಜ ಅದನೋ! ತಿರುಳು ಇನ್ನೂ ಹತ್ತೇದ!”

ಕೋಡಿನವನ ಕಣ್ಣು ಬಾಗಿಲಿನ ಕಡೆಗೆ ಹೋಯಿತು. ಅವನು ಓಡಿಹೋಗುತ್ತಿದ್ದನೇನೋ, ಉಳಿಸಿಕೊಂಡವನು ನಾನು.

“ಇಂಗ್ಲಿಷಿನೊಳಗ ಹಣ್ಣಿನ ಗಟ್ಟಿ ಬೀಜಕ್ಕೂ ಸ್ಟೋನ್ ಅಂತಾರ, ಅಣ್ಣಾ. ಕೋಶದಾಗ ಅದ.”

“ನೋಡ್ರಿ, ಶಾಸ್ತ್ರಿಗಳಿಗೆ ಗೊತ್ತದ!” ಎಂದು ಅವನು ಎದೆ ಉಬ್ಬಿಸಿದ. ಆ ಎಂಜಲಿನ ಬೀಜಕ್ಕಿಂತ ನನ್ನ ಆ ಮಾತೇ ಹೆಚ್ಚು ಹೊಲಸು. ಅವನು ಹೊಟ್ಟೆಪಾಡಿಗೆ ಸುಳ್ಳಾಡಿದ. ನಾನು ವಿದ್ಯೆಯಿಂದ ಅದಕ್ಕೆ ಮಡಿ ಉಡಿಸಿದೆ.

ಹಾಲು ಕುಡಿದರೆ ಕಲ್ಲು ಬೆಳೆಯುತ್ತದೆಂದು ಹೇಳಿ, ನಲವತ್ತು ದಿನ ಹುರಳಿಯ ಕಟ್ಟಿನ ಹೊರತು ಬೇರೇನೂ ಕೂಡದೆಂದು ವಿಧಿಸಿ ಅವನು ಹೋದ. ದಿನದಿನಕ್ಕೂ ವೈನಿಯ ಕೈಬಳೆಗಳು ಮೊಣಕೈಗೆ ಏರತೊಡಗಿದವು. ಒಂದು ದಿನ ಒಲೆಯ ಮುಂದೆ ಕುಳಿತವರು, “ಪಂಡಿತರ, ಒಂದು ತುತ್ತು ಮೊಸರನ್ನ ಉಂಡ್ರ ಸಾಯ್ತೀನೇನು?” ಎಂದು ಕೇಳಿದರು.

“ತಡೀರಿ ವೈನಿ, ಕಲ್ಲು ಕರಗ್ಲಿಕ್ಕೆ ಹತ್ಯಾವ,” ಎಂದು ತಾಟನ್ನು ಸರಿಸಿದೆ.

ನಲವತ್ತು ದಿನ ಕಳೆದ ಮೇಲೆ ಅಣ್ಣ ವೈನಿಯರ ಜೊತೆ ನಾನೂ ನರಗುಂದಕ್ಕೆ ಹೋದೆ. ಡಾಕ್ಟರರು ಬರೆದ ಚೀಟಿಯಲ್ಲಿ ಈ ಸಲ ‘ಸಿಕ್ಸ್ ಸ್ಟೋನ್’ ಎಂದಿತ್ತು.

“ನೋಡಣ್ಣಾ, ಲೆಕ್ಕ ಬರೋಬರಿ! ಒಂದು ಹೊರಗ ಬಂತು, ಆರು ಉಳದಾವ!” ಎಂದು ನಾನು ಕೂಗಿದೆ.

ಡಾಕ್ಟರರು ಲೇಖನಿ ಕೆಳಗಿಟ್ಟರು. ಒಂದೊಂದಾಗಿ ಕೇಳಿ ಎಲ್ಲವನ್ನೂ ಹೊರಡಿಸಿದರು. ಕಂಪೌಂಡರ್ ಬಾಯಿಗೆ ಕೈಯಿಟ್ಟು ನಕ್ಕ, ಡಾಕ್ಟರರು ನಗಲಿಲ್ಲ.

“ಅದು ಈ ತಾಯಿ ತೂಕರೀ, ಶಾಸ್ತ್ರಿಗಳ. ಒಂದು ಸ್ಟೋನ್ ಅಂದ್ರ ಹದಿನಾಲ್ಕು ಪೌಂಡು. ಹೊಟ್ಟ್ಯಾಗ ಇರೋದು ಹುಣ್ಣು. ಇನ್ನೊಂದು ತಿಂಗಳು ಹಿಂಗ ಉಪವಾಸ ಕೆಡವಿದ್ರ ಇವರು ನಿಮಗ ಉಳೀತಿದ್ದಿಲ್ಲ.”

ಬೆಂಚಿನ ಮೇಲೆ ಕುಳಿತಿದ್ದ ವೈನಿ ಮೆಲ್ಲಗೆ ಅಂದರು: “ಸಂತ್ಯಾಗ ತೂಗಲಿಕ್ಕೆ ತಕ್ಕಡ್ಯಾಗ ಇಡತಾರಲ್ಲ, ಆ ಕಲ್ಲೇನು? ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ಲ, ಪಂಡಿತರ.”

ನಾಲ್ಕು ಸಂಸ್ಕೃತ ಪದಗಳೂ ಆ ಇಂಗ್ಲಿಷ್ ಕೋಶವೂ ಆಗ ನನ್ನ ಬಾಯಲ್ಲಿ ಹುಳಿತ ಅನ್ನದಂತಾದವು. ಸಾಲಿ ಕಾಣದ ಹೆಣ್ಣುಮಗಳಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಅಂದಿನಿಂದ ತಾಸಿಗೊಮ್ಮೆ ಹಾಲು-ಅನ್ನ ಕಲಸಿ ವೈನಿಯ ಮುಂದಿಡುವುದು ನನ್ನ ನಿತ್ಯಕರ್ಮವಾಯಿತು. ಕಳೆದುಹೋದ ಆ ಒಂದು ಕಲ್ಲು ಮರಳಿ ಅವರ ಮೈಗೆ ಬರಲು ಎಂಟು ತಿಂಗಳು ಹಿಡಿಯಿತು. ಬಂದ ದಿನ ಅವರು ಎರಡನೆಯ ಸಲ ಮೊಸರನ್ನ ಬಡಿಸಿಕೊಂಡು ಉಂಡರು.

ಉಂಡ ಆ ತಾಯಿಗೆ, ನಂಬಿ ಮೋಸಹೋದ ಅಣ್ಣನಿಗೆ, ನಗದೆ ತಿಳಿಸಿದ ಡಾಕ್ಟರರಿಗೆ, ನಕ್ಕ ಕಂಪೌಂಡರನಿಗೆ, ಕೋಡು ಹೊತ್ತು ಊರೂರು ಅಲೆದ ಆ ಬಡವನಿಗೂ ಭಗವಂತ ಒಳ್ಳೆಯದನ್ನೇ ಮಾಡಲಿ. ಅವರೆಲ್ಲರ ಹೊಟ್ಟೆ ತಣ್ಣಗಿರಲಿ.