ಜಯಮ್ಮ ಮಿಸ್ಸಿನ ನಾಲ್ಕನೇ ಸ್ಟೆಪ್

ಸಣ್ಣ ಕರುಳು ಎಷ್ಟುದ್ದ ಅಂತ ತೋರಿಸೋದಕ್ಕೆ ಜಯಮ್ಮ ಮಿಸ್ ಬ್ಯಾಗಿನಿಂದ ಹಳೇ ವಾಯಿಲ್ ಸೀರೆ ತೆಗೆಯುತ್ತಿದ್ದರು. ಒಂದು ತುದಿ ಕಿಟಕಿ ಪಕ್ಕದ ಹುಡುಗಿಗೆ, ಇನ್ನೊಂದು ಬಾಗಿಲ ಹತ್ತಿರದವಳಿಗೆ. "ಇಷ್ಟೂ ನಿಮ್ ಹೊಟ್ಟೆ ಒಳಗೆ ಮಡಚಿಟ್ಟಿದೆ ಕಣ್ರೋ. ಸಾಲ್ದು, ಇನ್ನೂ ಒಂದೆರಡು ಮೊಳ ಸೇರಿಸ್ಕೊಳ್ಳಿ!" ಮಕ್ಕಳೆಲ್ಲ ಹೊಟ್ಟೆ ಮುಟ್ಟಿಕೊಂಡು ಹೋ ಅನ್ನೋರು. ಪಕ್ಕದ ಲ್ಯಾಬಿನಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದ ನಾನು ಆ ಗಲಾಟೆಗೆ ಮುಖ ಸಿಂಡರಿಸುತ್ತಿದ್ದೆ.

ಅವರು ಕೊಡಿಗೇಹಳ್ಳಿಯ ಹಳೇ ಮನೆತನದವರು. ಒಂದು ಕಾಲಕ್ಕೆ ರಾಗಿ ಬೆಳೀತಿದ್ದ ಹೊಲದಲ್ಲೀಗ ಅವರ ಮೈದುನಂದಿರ ಬಿಲ್ಡಿಂಗುಗಳು ನಿಂತಿವೆ. ಕ್ಲಾಸಿನಲ್ಲಿ ಹೆಚ್ಚುಕಮ್ಮಿ ಪುಸ್ತಕದ ಕನ್ನಡ ಆಡಿದರೂ ಸ್ಟಾಫ್ ರೂಮಿಗೆ ಬಂದ ಕೂಡಲೇ "ಇಂಗೆ", "ಅಂಗೆ" ಶುರು. ಹತ್ತನೇ ಕ್ಲಾಸಿನ ವಿಜ್ಞಾನ ಅಂದರೆ ಅವರಿಗೆ ಜೀವ.

ಸ್ಮಾರ್ಟ್ ಬೋರ್ಡ್ ಬಂದಾಗ ಉಳಿದ ಹಿರಿಯರು ಗೊಣಗಿದರು. ಇವರು ಮಾತ್ರ ಕಂದು ಬೈಂಡು ಹಾಕಿದ ಉದ್ದನೆಯ ನೋಟ್‌ಬುಕ್ ಹಿಡ್ಕೊಂಡು ನನ್ನ ಹತ್ತಿರ ಬಂದರು. "ಕವಿತಾ, ಒಂದೊಂದಾಗಿ ಏಳಮ್ಮ, ಬರ್ಕೋತೀನಿ." ಒಂದನೇ ಸ್ಟೆಪ್, ಸ್ವಿಚ್ ಹಾಕೋದು. ಎರಡು, ಚಿತ್ರ ಬರೋವರೆಗೂ ಕಾಯೋದು. ಮೂರು, ವಿಜ್ಞಾನದ ಫೋಲ್ಡರ್ ತೆಗೆಯೋದು. ನಾಲ್ಕಕ್ಕೆ, ಅಂದರೆ ಪಾಠದ ಚಿತ್ರ ಹುಡುಕಿ ಓಡಿಸೋದಕ್ಕೆ, ಬರೋಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರೋದು. "ಬಿಡಿ ಮಿಸ್, ನಾನೇ ಮಾಡ್ಕೊಡ್ತೀನಿ" ಅಂತ ಅವರ ಕೈಯಿಂದ ಮೌಸ್ ಕಿತ್ಕೊಳ್ಳುತ್ತಿದ್ದೆ. ಹೌದು, ಕಿತ್ಕೊಳ್ಳುತ್ತಿದ್ದೆ. ಮೂರು ವರ್ಷದಲ್ಲಿ ಎಷ್ಟು ಸಲವೋ ಲೆಕ್ಕ ಇಟ್ಟಿಲ್ಲ.

ಆಮೇಲೆ ಆನ್‌ಲೈನ್ ತರಬೇತಿ ಬಂತು. ಒಂದಷ್ಟು ವಿಡಿಯೊ, ಕೊನೆಗೆ ಪರೀಕ್ಷೆ. ಎಲ್ಲ ಟೀಚರುಗಳ ಪಾಸ್‌ವರ್ಡೂ ನನ್ನ ಹತ್ತಿರವೇ ಇತ್ತು. ಸೌಂಡ್ ಆಫ್ ಮಾಡಿ ವಿಡಿಯೊ ಓಡಿಸೋದು, ಪೇಪರ್ ತಿದ್ದುತ್ತಾ ನಡುನಡುವೆ ಕ್ಲಿಕ್ ಮಾಡೋದು, ಅಷ್ಟೇ ನಮ್ಮ ತರಬೇತಿ. ಜಯಮ್ಮ ಮಿಸ್ ಒಬ್ಬರೇ "ನಂದು ಬ್ಯಾಡ ಕಣಮ್ಮ, ನಿಧಾನಕ್ಕೆ ನಾನೇ ನೋಡ್ತೀನಿ" ಅಂದಿದ್ದರು. ಕೊನೇ ದಿನ ಹತ್ತಿರ ಬಂತು, ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮಾತ್ರ ಖಾಲಿ. ಕೇಳದೇ ಮಾಡಿಬಿಟ್ಟೆ. ನೂರಕ್ಕೆ ತೊಂಬತ್ತಾರು ತೆಗೆದೆ, ಅವರ ಹೆಸರಲ್ಲಿ! ಇಡೀ ಶಾಲೆಗೇ ಹೆಚ್ಚು.

ಅದೇ ಮುಳುವಾಯಿತು. ಪೋಷಕರ ಸಭೆಯಲ್ಲಿ ಸ್ಮಾರ್ಟ್ ಬೋರ್ಡ್ ಪಾಠ ತೋರಿಸೋಕೆ ಪ್ರಿನ್ಸಿಪಾಲರು ಅವರನ್ನೇ ಆರಿಸಿದರು. ಹೃದಯದ ಪಾಠ. ಸ್ವಿಚ್ ಹಾಕಿದರು, ಕಾದರು, ಫೋಲ್ಡರ್ ತೆಗೆದರು. ಅಲ್ಲಿಗೆ ಕೈ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

"ಏನ್ ಮಿಸ್, ತೊಂಬತ್ತಾರು ತಗೊಂಡಿದ್ದೀರಲ್ಲ?" ಅಂದರು ಪ್ರಿನ್ಸಿಪಾಲರು.

ಜಯಮ್ಮ ಮಿಸ್ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಆಮೇಲೆ, "ಮರ್ತೋಯ್ತು ಸಾರ್" ಅಂದರು.

ಎದ್ದು ನಿಂತು, ಸಾರ್, ಅದು ನಾನು ಬರೆದ ಪರೀಕ್ಷೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಅದೊಂದು ನೆಪ. ಮುಂದಿನ ವಾರ ಅವರಿಂದ ಹತ್ತನೇ ಕ್ಲಾಸ್ ತೆಗೆದು ಲೈಬ್ರರಿ ಪೀರಿಯಡ್ ಕೊಟ್ಟರು. ನನ್ನನ್ನು ಜಯಮ್ಮ ಮಿಸ್ ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಥೂ.

ರಿಟೈರ್ ಆದ ದಿನ, ಹಾರ ಶಾಲು ಎಲ್ಲ ಮುಗಿದ ಮೇಲೆ, ಅದೇ ನೋಟ್‌ಬುಕ್ ಹಿಡ್ಕೊಂಡು ಲ್ಯಾಬಿಗೆ ಬಂದರು. ತೆಗೆದು ತೋರಿಸಿದರು. ಪುಟ ಪುಟದಲ್ಲೂ ಒಂದು, ಎರಡು, ಮೂರು. ನಾಲ್ಕರ ಮುಂದೆ ಎಲ್ಲಾ ಕಡೆ ಒಂದೇ ಸಾಲು: "ಕವಿತಾ ಮಾಡಿದಳು. ಮತ್ತೆ ಕೇಳಬೇಕು."

"ಈಗಾದ್ರೂ ಏಳಮ್ಮ. ಮೌಸ್ ಮಾತ್ರ ನನ್ ಕೈಲೇ ಇರ್ಲಿ."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಹೇಳಿದೆ. ಅವರು ತಪ್ಪಿದರು, ಹಿಂದಕ್ಕೆ ಬಂದರು, ಮತ್ತೆ ಒತ್ತಿದರು. ಪರದೆಯ ಮೇಲೆ ಹೃದಯ ಬಡಿಯತೊಡಗಿತು. ಕೊರಳಲ್ಲಿನ್ನೂ ಹಾರ ಇತ್ತು. ಅದನ್ನು ಒಂದು ಕೈಲಿ ಸರಿಸಿಕೊಂಡು ನಾಲ್ಕನೇ ಸ್ಟೆಪ್ ಬರೆದುಕೊಂಡರು.

ಹತ್ತು ನಿಮಿಷ ಹಿಡಿದಿತ್ತು.

"ಇಷ್ಟೇಯೇನಮ್ಮ?" ಅಂದರು.