ಗೋಪಿನಾಥರು ಕಾರಿನಿಂದ ಇಳಿದದ್ದು

ಅಟ್ಲಾಂಟಾದ ಪಕ್ಕದ ಡಿಕೇಟರ್‌ನಲ್ಲಿ ಗೋಪಿನಾಥರ ಡ್ರೈವಿಂಗ್ ಸ್ಕೂಲ್ ಅಂದರೆ ಒಂದು ಬಿಳಿ ಟೊಯೋಟಾ, ಅದರ ತಲೆಯ ಮೇಲೊಂದು ಹಳದಿ ಬೋರ್ಡು, ಮನೆಯಲ್ಲಿ ಫೋನ್ ಎತ್ತುವ ಹೆಂಡತಿ ಅಲಮೇಲು, ಇಷ್ಟೇ. ಮೈಸೂರಿನಲ್ಲಿ ಹದಿನೆಂಟು ವರ್ಷ ಲಾರಿ ಕಲಿಸಿದ್ದ ಮನುಷ್ಯ, ತಂಗಿ ಕರೆಸಿಕೊಂಡಳೆಂದು ಅಮೆರಿಕಕ್ಕೆ ಬಂದಮೇಲೂ ಬಂದ ವಿದ್ಯೆಯನ್ನು ಬಿಡಲಿಲ್ಲ. ಕನ್ನಡ ಕೂಟದ ಊಟದಲ್ಲಿ ಕಂಪ್ಯೂಟರ್ ಜನ ಏನು ಕೆಲಸ ಅಂತ ಕೇಳಿದರೆ, ಕಾರು ಕಲಿಸುತ್ತೇನೆ ಅನ್ನುತ್ತಿದ್ದರು. ಕೇಳಿದವರು ತಟ್ಟೆ ನೋಡಿಕೊಳ್ಳುತ್ತಿದ್ದರು. ಇವರು ಮಾತ್ರ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು.

ಕಲಿಸುವುದರಲ್ಲಿ ಅವರದು ಎತ್ತಿದ ಕೈ. ಆದರೆ ಬಾಯಿಂದ ಒಂದು ಒಳ್ಳೆಯ ಮಾತು ಬೀಳಬೇಕಾದರೆ ಮುತ್ತು ಉದುರಿದ ಹಾಗೆ. ಶಿಷ್ಯನನ್ನು ಎದುರಿಗೇ ಹೊಗಳಿದರೆ ದೃಷ್ಟಿ ತಾಗುತ್ತದೆ, ತಲೆಗೇರುತ್ತದೆ ಎಂಬುದು ಅವರ ಗುರು ಬಾಷಾ ಸಾಹೇಬರು ಹಾಕಿಕೊಟ್ಟ ಪಾಠ. ಆ ಪುಣ್ಯಾತ್ಮರು ಎಂಟು ತಿಂಗಳು ಬೈದು, ಒಂದು ಬೆಳಗ್ಗೆ ನಂಜನಗೂಡು ರಸ್ತೆಯಲ್ಲಿ ಲಾರಿಯಿಂದ ಇಳಿದು, ಹೋಗು ಅಂತ ಗದ್ದ ಅಲ್ಲಾಡಿಸಿ, ಬೆನ್ನು ತಿರುಗಿಸಿ ಬೀಡಿ ಹಚ್ಚಿದ್ದರು. ಗುರು ಇಳಿದರೆ ಶಿಷ್ಯ ಪಾಸು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟನ್ನು ಗೋಪಿನಾಥರು ಆಮೇಲೆ ಎಲ್ಲಿಯೂ ಕಂಡಿರಲಿಲ್ಲ.

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದ ಮರುವರ್ಷ ದುಬ್ರಾವ್ಕಾ ಕಲಿಯಲು ಬಂದಳು. ಯುದ್ಧದಲ್ಲಿ ಮನೆ ಕಳೆದುಕೊಂಡು ಕ್ರೊಯೇಷಿಯಾದಿಂದ ಬಂದ, ಐವತ್ತರ ಹತ್ತಿರದ ಹೆಂಗಸು. ಹೋಟೆಲ್ ಒಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಊರಿನಲ್ಲಿ ಬ್ರೆಡ್ ಮಾಡಿ ಹೆಸರಾದವಳು. ಈಗ ದೂರದ ಬೇಕರಿಯೊಂದು ಕೆಲಸ ಕೊಡುತ್ತೇನೆಂದಿತ್ತು. ಬೆಳಗಿನ ಐದಕ್ಕೆ ಅಲ್ಲಿರಬೇಕು, ಅಲ್ಲಿಗೆ ಬಸ್ಸಿಲ್ಲ. ಮೂರು ತಿಂಗಳೊಳಗೆ ಲೈಸೆನ್ಸ್ ಸಿಕ್ಕರೆ ಬ್ರೆಡ್ಡು, ಇಲ್ಲದಿದ್ದರೆ ಹೋಟೆಲಿನ ಬಟ್ಟೆಯೇ ಗತಿ.

ಆಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಗೋಪಿನಾಥರು ಲೈಬ್ರರಿಯಿಂದ ಕ್ರೊಯೇಷಿಯನ್ ವ್ಯಾಕರಣದ ಪುಸ್ತಕ ತಂದು ಕಾಫಿ ಜೊತೆ ಓದತೊಡಗಿದರು. ಎಡ, ಬಲ, ನಿಲ್ಲಿಸಿ, ಪೊಲಾಕೊ ಅಂದರೆ ನಿಧಾನ, ಓಪೆತ್ ಅಂದರೆ ಇನ್ನೊಮ್ಮೆ. ಪುಸ್ತಕದ ಆರನೇ ಪಾಠ ಬಂದಾಗ ಅಲಮೇಲುವನ್ನು ಕೂಗಿ ಕರೆದರು. ಇಂಗ್ಲಿಷಿನವರು ಎಲ್ಲದಕ್ಕೂ ಒಂದೇ 'ಕ್ಯಾನ್' ಇಟ್ಟುಕೊಂಡಿದ್ದಾರೆ, ಈ ಜನ ನಮ್ಮ ಹಾಗೇ ಬೇರೆ ಬೇರೆ ಇಟ್ಟಿದ್ದಾರೆ ಅಂತ ಅವರಿಗೆ ಖುಷಿಯೋ ಖುಷಿ. ಕೈಲಾಗುತ್ತದೆ ಅನ್ನುವುದಕ್ಕೆ 'ಮೋಗು'. ವಿದ್ಯೆ ಬರುತ್ತದೆ ಅನ್ನುವುದಕ್ಕೆ 'ಜ್ನಾಮ್'. ಈಜು ಬರುತ್ತೆ, ಆದರೆ ಇವತ್ತು ನೆಗಡಿ, ಈಜೋಕೆ ಆಗಲ್ಲ ಅಂದ ಹಾಗೆ. ಎದುರಿನವರಿಗೆ ಹೇಳುವ ವಾಕ್ಯವೂ ಅಲ್ಲೇ ಇತ್ತು: ಜ್ನಾತೆ ವೋಜಿತಿ, ನಿಮಗೆ ಡ್ರೈವಿಂಗ್ ಬರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬಾಯಿಗೆ ತರುವ ಯೋಚನೆ ಮಾತ್ರ ಅವರಿಗೆ ಬರಲಿಲ್ಲ.

ಹತ್ತು ವಾರ ದುಬ್ರಾವ್ಕಾ 'ನೆ ಮೋಗು, ನೆ ಮೋಗು', ಆಗಲ್ಲ ಆಗಲ್ಲ ಅನ್ನುತ್ತ ಓಡಿಸಿದಳು, ಇವರು 'ಓಪೆತ್' ಅನ್ನುತ್ತ ಕೂತರು. ಟೆಸ್ಟಿಗೆ ನಾಲ್ಕು ದಿನ ಉಳಿದಾಗ, ಖಾಲಿ ಬಿದ್ದ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಆಕೆ ಎರಡು ಕೋನ್‌ಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನೂಲು ಹಿಡಿದಂತೆ ನಿಲ್ಲಿಸಿದಳು. ಗೋಪಿನಾಥರ ಎದೆ ತುಂಬಿ ಬಂತು. ಬಾಗಿಲು ತೆಗೆದು ಇಳಿದರು, ಗದ್ದ ಅಲ್ಲಾಡಿಸಿದರು, ಬೆನ್ನು ತಿರುಗಿಸಿ ಚರ್ಚಿನ ಮೆಟ್ಟಿಲ ಕಡೆ ನಡೆದರು.

ಎಂಜಿನ್ ಸದ್ದು ನಿಂತುಹೋಯಿತು. ತಿರುಗಿ ನೋಡಿದರೆ, ಕೀ ಬಾನೆಟ್ಟಿನ ಮೇಲಿದೆ, ದುಬ್ರಾವ್ಕಾ ಬಸ್ ಸ್ಟಾಪಿನ ಕಡೆ ಹೋಗುತ್ತಿದ್ದಾಳೆ. ಕರೆದರೂ ತಿರುಗಲಿಲ್ಲ. ಏನೋ ತುರ್ತು ಕೆಲಸವಿರಬೇಕು ಅಂದುಕೊಂಡು ಮನೆಗೆ ಬಂದರು.

ಅಲಮೇಲು ಬಾಗಿಲಲ್ಲೇ ಕಾದಿದ್ದರು. "ರೀ, ಆ ಕ್ರೊಯೇಷಿಯಾದೋರು ಬಸ್ ಸ್ಟಾಪಿಂದ ಫೋನ್ ಮಾಡಿದ್ರು. ಟೆಸ್ಟ್ ಕ್ಯಾನ್ಸಲ್ ಮಾಡ್ತಾರಂತೆ. ಟೀಚರ್‌ಗೇ ನನ್ನ ಮೇಲೆ ನಂಬಿಕೆ ಹೋಯ್ತು, ಕಾರ್ ಬಿಟ್ಟು ಹೊರಟೇ ಹೋದ್ರು ಅಂತ ಅತ್ತರು."

"ಅಯ್ಯೋ, ಪಾಸಾದ್ರು ಅಂತಲ್ವೇನೇ ನಾನು ಇಳಿದಿದ್ದು!"

"ಅದು ನಿಮಗೆ ಗೊತ್ತು, ಬಾಷಾ ಸಾಹೇಬರಿಗೆ ಗೊತ್ತು. ಆಕೆಗೆ ಯಾರು ಹೇಳ್ಬೇಕು?"

ಮಾರನೆಯ ದಿನ ಗೋಪಿನಾಥರು ಲಾಂಡ್ರಿಯ ಪಾಳಿ ಮುಗಿಯುವ ಹೊತ್ತಿಗೆ ಹೋಟೆಲಿನ ಹಿಂಬಾಗಿಲಲ್ಲಿ ಹೋಗಿ ನಿಂತರು. ದುಬ್ರಾವ್ಕಾ ಇಸ್ತ್ರಿಯ ಬಿಸಿಗೆ ಕೆಂಪಾದ ಮುಖ ಹೊತ್ತು ಹೊರಗೆ ಬಂದಳು, ಇವರನ್ನು ಕಂಡು ನಿಂತಳು. ತಮ್ಮ ಊರಿನಲ್ಲಿ ಗುರು ಇಳಿದುಹೋಗುವುದು ಯಾಕೆ ಅಂತ ಇವರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡು, ಮುರುಕು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

"ನನ್ನ ಗಂಡನೂ ಹಾಗೇ ಇಳಿದು ಹೋದ. ರಸ್ತೆಯಲ್ಲಿ ಸೈನಿಕರು ಕರೆದರು, ಒಂದು ಮಾತೂ ಆಡದೆ ಇಳಿದ. ನನಗೆ ಕಾರು ಓಡಿಸೋಕೆ ಬರುತ್ತಿರಲಿಲ್ಲ. ಅಲ್ಲೇ ಕೂತಿದ್ದೆ."

ಗೋಪಿನಾಥರಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮೂವತ್ತು ವರ್ಷದಿಂದ ತಾವು ಶಿಸ್ತು ಅಂದುಕೊಂಡದ್ದರಲ್ಲಿ ಅರ್ಧ ಬರೀ ಜಿಪುಣತನ ಎಂದು ಆಗ ತಿಳಿಯಿತು. ನೋಟ್‌ಬುಕ್ ತೆಗೆಯಲಿಲ್ಲ, ವಾಕ್ಯ ಬಾಯಿಪಾಠವಾಗಿತ್ತು.

"ದುಬ್ರಾವ್ಕಾ, ಜ್ನಾತೆ ವೋಜಿತಿ."

ಆಕೆ "ಓಪೆತ್" ಅಂದಳು. ಅವರು ಮತ್ತೆ ಹೇಳಿದರು. ಮೂರನೆಯ ಸಲಕ್ಕೆ ಆಕೆಯ ಕಣ್ಣಲ್ಲೂ ನೀರು, ಇವರ ಕಣ್ಣಲ್ಲೂ ನೀರು.

ಟೆಸ್ಟ್ ಕ್ಯಾನ್ಸಲ್ ಆಗಲಿಲ್ಲ. ಶುಕ್ರವಾರ ಆಕೆ, ಜೊತೆಗೆಲಸದವಳಿಂದ ಕೊಂಡ ತನ್ನದೇ ಹಳೆಯ ಹೊಂಡಾದಲ್ಲಿ, ಪಕ್ಕದ ಸೀಟಿನಲ್ಲಿ ಇವರನ್ನು ಕೂರಿಸಿಕೊಂಡು ಹೋದಳು, ಟೆಸ್ಟ್ ಕೊಟ್ಟಳು, ಪಾಸಾದಳು. ಇನ್ನೂ ಬೆಚ್ಚಗಿದ್ದ ಲೈಸೆನ್ಸನ್ನು ಪರ್ಸಿನಲ್ಲಿಟ್ಟುಕೊಂಡು, ಮನೆಗೆ ಬಿಡುತ್ತೇನೆ ಹತ್ತಿ ಅಂದಳು.

ಮೆಮೋರಿಯಲ್ ಡ್ರೈವ್ ರಸ್ತೆಯಲ್ಲಿ ಆ ಹೊತ್ತಿಗೆ ಟ್ರಾಫಿಕ್ ಜೋರು. ಸ್ಕೂಲಿನ ಕಾರಿನಲ್ಲಿ ಗೋಪಿನಾಥರ ಕಾಲಡಿಗೂ ಒಂದು ಬ್ರೇಕ್ ಇರುತ್ತಿತ್ತು. ಈ ಕಾರಿನಲ್ಲಿ ಬರೀ ಮ್ಯಾಟು. ಮುಂದಿನ ಟ್ರಕ್ಕಿನ ಕೆಂಪು ದೀಪ ಹತ್ತಿದಾಗಲೆಲ್ಲ ಅವರ ಬಲಗಾಲು ತಾನಾಗಿ ಮ್ಯಾಟನ್ನು ಒತ್ತುತ್ತಿತ್ತು. ಮೂರನೆಯ ಸಲ ಒತ್ತಿದ್ದನ್ನು ದುಬ್ರಾವ್ಕಾ ನೋಡಿಬಿಟ್ಟಳು. ಮತ್ತೆ ರಸ್ತೆಯ ಕಡೆ ತಿರುಗಿದಳು. ಗೋಪಿನಾಥರು ಬಗ್ಗಿ ಎರಡೂ ಚಪ್ಪಲಿ ಬಿಚ್ಚಿದರು, ಕಾಲುಗಳನ್ನು ಸೀಟಿನ ಮೇಲೆತ್ತಿಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು.